ತಾಗದಂತೆ ಹೊಡೆಯುವ ವಿದ್ಯೆ

ಪ್ರತಿ ಊರಿನಲ್ಲೂ ಅಂಥ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಪಿಯುಸಿಯಲ್ಲೋ ಡಿಗ್ರಿಯಲ್ಲೋ ಓದುತ್ತಿರುತ್ತಾನೆ. ಕನ್ನಡಿ ಕಂಡರೆ ನಿಲ್ಲುತ್ತಾನೆ, ಖಾಲಿ ಬಯಲು ಕಂಡರೆ ಗಾಳಿಗೆ ಒದೆಯುತ್ತಾನೆ. ಒಂದು ದಿನ ಊಟಕ್ಕೆ ಕುಳಿತಾಗ, ಅಪ್ಪನ ಮುಖ ನೋಡದೆ, ‘ನಾನು ಸಿನಿಮಾ ನಟ ಆಗ್ತೀನಿ’ ಎನ್ನುತ್ತಾನೆ. ಅಪ್ಪ ಮಾತಿಲ್ಲದೆ ಕೈತೊಳೆಯಲು ಏಳುತ್ತಾರೆ. ‘ಮೊದಲು ಪರೀಕ್ಷೆ ಮುಗೀಲಪ್ಪ’ ಎಂದು ಅಮ್ಮ ಮಾತು ತೇಲಿಸುತ್ತಾಳೆ. ಹುಡುಗ ಜಿಮ್ ಸೇರುತ್ತಾನೆ, ಕರಾಟೆ ಕ್ಲಾಸಿಗೆ ಹೋಗುತ್ತಾನೆ, ಸ್ಟುಡಿಯೋದಲ್ಲಿ ಫೋಟೋ ತೆಗೆಸುತ್ತಾನೆ. ತೋಳು ದಪ್ಪವಾದರೆ ಅರ್ಧ ಹೀರೋ ಆದಂತೆ ಎಂಬುದು ಅವನ ಲೆಕ್ಕ.

ಆ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ತಿಳಿಯಲು ತೆರೆಯ ಮೇಲಿನ ಒಂದು ಹೊಡೆದಾಟವನ್ನು ಗಮನವಿಟ್ಟು ನೋಡಿದರೆ ಸಾಕು. ನಾಯಕನ ಮುಷ್ಟಿ ಸಾಮಾನ್ಯವಾಗಿ ಖಳನ ದವಡೆಯನ್ನು ಮುಟ್ಟುವುದೇ ಇಲ್ಲ. ತುಸು ದೂರದಲ್ಲೇ ಹಾದುಹೋಗುತ್ತದೆ. ಕ್ಯಾಮೆರಾ ಇಟ್ಟ ಕೋನ ಆ ಅಂತರವನ್ನು ಮುಚ್ಚಿಡುತ್ತದೆ, ಸದ್ದನ್ನು ಆಮೇಲೆ ಸೇರಿಸುತ್ತಾರೆ. ಉಳಿದದ್ದು ಹೊಡೆಸಿಕೊಂಡವನ ಕೆಲಸ. ಸರಿಯಾದ ಕ್ಷಣಕ್ಕೆ ಅವನು ಕತ್ತು ತಿರುಗಿಸಬೇಕು, ತತ್ತರಿಸಬೇಕು, ಮೂಳೆ ಮುರಿಯದ ಹಾಗೆ ಬೀಳಬೇಕು. ಕ್ಷಣ ಮೊದಲಾದರೆ ನಗೆಪಾಟಲು, ಕ್ಷಣ ತಡವಾದರೆ ನಿಜವಾದ ಪೆಟ್ಟು. ಆ ಹೊಡೆದಾಟ ಜಗಳಕ್ಕಿಂತ ನೃತ್ಯಕ್ಕೆ ಹತ್ತಿರ. ಎದುರಿಗಿರುವವನನ್ನು ಕಾಪಾಡುತ್ತಲೇ ಅವನನ್ನು ಕೊಲ್ಲುವಂತೆ ಕಾಣಬೇಕು.

ಇದು ನಮ್ಮ ಹಿರಿಯರಿಗೆ ಹೊಸ ಮಾತಲ್ಲ. ಯುದ್ಧವಿದ್ಯೆ ಮತ್ತು ರಂಗವಿದ್ಯೆ ಒಂದೇ ಅಂಗಳದಲ್ಲಿ ಬೆಳೆದದ್ದುಂಟು. ಒಡಿಶಾದ ಮಯೂರಭಂಜ್ ಛಾವು ನೃತ್ಯಕ್ಕೆ ಮೂಲವೆನ್ನುವ ಅಭ್ಯಾಸದ ಹೆಸರು ಪರಿಖಂಡ, ಅಂದರೆ ಗುರಾಣಿ ಮತ್ತು ಖಡ್ಗ. ಕೇರಳದ ಕಥಕ್ಕಳಿ ಕಲಾವಿದನ ಮೈಪಳಗಿಸುವ ಕ್ರಮ ಬಂದದ್ದು ಕಳರಿಪಯಟ್ಟಿನಿಂದ. ಮಳೆಗಾಲದಲ್ಲಿ ಎಣ್ಣೆ ಹಚ್ಚಿ, ಗುರು ಕಾಲಿನಿಂದಲೇ ಶಿಷ್ಯನ ಮೈ ನೀವುತ್ತಾರೆ. ಬೆಳಗಿನ ಜಾವ ಕಣ್ಣಿಗೆ ತುಪ್ಪ ಹಾಕಿಕೊಂಡು ಕಣ್ಣುಗುಡ್ಡೆ ತಿರುಗಿಸುವ ಸಾಧಕ ನಡೆಯುತ್ತದೆ. ಒಂದು ನೋಟಕ್ಕೆ ಅಷ್ಟು ದುಡಿಮೆ!

ಕಳರಿಯ ಕಲಿಕೆಯ ಕ್ರಮವಂತೂ ಅವಸರದ ಹುಡುಗರು ತಿಳಿಯಬೇಕಾದದ್ದು. ಉತ್ತರ ಕೇರಳದ ಸಾಂಪ್ರದಾಯಿಕ ಕಳರಿ ನೆಲಮಟ್ಟಕ್ಕಿಂತ ಕೆಳಗೆ ಅಗೆದ ಮಣ್ಣಿನ ಅಂಕಣ. ಉದ್ದ 42 ಅಡಿ, ಅಗಲ 21 ಅಡಿ. ಒಳಗೆ ಕಾಲಿಡುವವನು ಮೊದಲು ನೆಲ ಮುಟ್ಟಿ ನಮಸ್ಕರಿಸುತ್ತಾನೆ. ಮೊದಲ ಹಂತ ಮೆಯ್ತಾರಿ, ಬರೀ ಮೈ ಪಳಗಿಸುವುದು. ಬಳಿಕ ಕೋಲು, ಅದಾದ ಮೇಲೆ ಕತ್ತಿ ಗುರಾಣಿ. ಬರಿಗೈಯ ಹೋರಾಟ ಬರುವುದು ಎಲ್ಲಕ್ಕಿಂತ ಕೊನೆಗೆ. ಹುಡುಗ ಮೊದಲ ದಿನವೇ ಕೇಳುವ ಪಾಠವನ್ನು ಗುರು ವರ್ಷಗಟ್ಟಲೆ ಕೊಡುವುದಿಲ್ಲ. ತನ್ನ ಮೈಯನ್ನೇ ಹಿಡಿತದಲ್ಲಿಟ್ಟುಕೊಳ್ಳಲಾರದವನ ಕೈಗೆ ಇನ್ನೊಬ್ಬರ ಮೈಯನ್ನು ಒಪ್ಪಿಸಬಾರದು ಎಂಬ ವಿವೇಕ ಇದರಲ್ಲಿದೆ. ವಟಕರದ ಮೀನಾಕ್ಷಿ ಅಮ್ಮ ಏಳನೆಯ ವಯಸ್ಸಿನಲ್ಲಿ ಕಳರಿಗೆ ಇಳಿದವರು. ಅವರಿಗೆ ಪದ್ಮಶ್ರೀ ಬಂದದ್ದು 2017ರಲ್ಲಿ, ಎಪ್ಪತ್ತು ದಾಟಿದ ಮೇಲೆ. ಇದು ಹುಡುಗರ ವಿದ್ಯೆ ಮಾತ್ರ ಎಂದುಕೊಂಡ ಮನೆಗಳಿಗೆ ಅವರೇ ಉತ್ತರ.

ಹಿಂದಿ ಚಿತ್ರಗಳ ಹೊಡೆದಾಟದಿಂದ ಹೆಸರಾದ ವಿದ್ಯುತ್ ಜಾಮ್‌ವಾಲ್ ಕಳರಿ ಕಲಿಯತೊಡಗಿದ್ದು ಮೂರನೆಯ ವಯಸ್ಸಿನಲ್ಲಿ, ಪಾಲಕ್ಕಾಡಿನ ಆಶ್ರಮವೊಂದರಲ್ಲಿ. ಅವರು ‘ಫೋರ್ಸ್’ ಚಿತ್ರದಲ್ಲಿ ಕಾಣಿಸಿಕೊಂಡದ್ದು 2011ರಲ್ಲಿ. ನಡುವೆ ಕಾಲು ಶತಮಾನಕ್ಕೂ ಹೆಚ್ಚು ಕಾಲ ಕಳೆದಿದೆ. ಪ್ರೇಕ್ಷಕ ಅದನ್ನು ಎರಡೂವರೆ ಗಂಟೆಯಲ್ಲಿ ನೋಡಿ ಎದ್ದು ಬರುತ್ತಾನೆ.

ಆದರೆ ಬರೀ ಮೈ ಪಳಗಿದರೆ ನಟನಾಗುವುದಿಲ್ಲ. ಧ್ವನಿ ಬೇಕು, ಮಾತಿನ ಅರ್ಥ ಗೊತ್ತಿರಬೇಕು, ಎದುರಿನ ಪಾತ್ರದ ಮಾತಿಗೆ ಕಿವಿಗೊಡುವ ಸಂಯಮ ಬೇಕು. ಗಾಜನೂರಿನ ಮುತ್ತುರಾಜ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಗುಬ್ಬಿ ಕಂಪನಿ ಸೇರಿದ. ಅದೇ ಅವನಿಗೆ ಶಾಲೆಯಾಯಿತು. ಸಣ್ಣಪುಟ್ಟ ಪಾತ್ರ, ಹಾಡು, ಹಿರಿಯ ನಟರ ಮಾತಿನ ವರಸೆ ಎಲ್ಲವನ್ನೂ ಅಲ್ಲಿ ಕಲಿತ. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದಾಗ ಅವರು ರಾಜ್‌ಕುಮಾರ್ ಆದರು. ಇಷ್ಟಾದ ಮೇಲೂ ಕಲಿಕೆ ನಿಲ್ಲಲಿಲ್ಲ. ಯೋಗ ಕಲಿತು, ಐವತ್ತು ದಾಟಿದ ವಯಸ್ಸಿನಲ್ಲಿ ‘ಕಾಮನಬಿಲ್ಲು’ (1983) ಚಿತ್ರದಲ್ಲಿ ಕಠಿಣ ಆಸನಗಳನ್ನು ಮಾಡಿ ತೋರಿಸಿದರು.

ಕಂಪನಿಗಳ ಕಾಲ ಹೋಯಿತು. ಕಲಿಯುವ ಜಾಗಗಳು ಹೋಗಿಲ್ಲ. ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ಆರಂಭಿಸಿತು. ಅಲ್ಲಿ ಅಭಿನಯದ ಜೊತೆಗೆ ಯಕ್ಷಗಾನ, ರಂಗಸಜ್ಜಿಕೆ, ಬೆಳಕು, ಪ್ರಸಾಧನಗಳೂ ಪಾಠವೇ. ನಟನಾಗಲು ಬಂದವನು ಪರದೆಯ ಹಿಂದಿನ ಕೆಲಸಕ್ಕೂ ಕೈಹಚ್ಚಬೇಕು.

ಈ ಎಲ್ಲ ಕಲಿಕೆಯಲ್ಲಿ ಇನ್ನೊಂದು ಪಾಠವೂ ಅಡಗಿದೆ. ಅದರ ಬೆಲೆಯನ್ನು ಕನ್ನಡ ಚಿತ್ರರಂಗ ಬಲು ದುಬಾರಿಯಾಗಿ ತಿಳಿಯಿತು. 2016ರ ನವೆಂಬರ್‌ನಲ್ಲಿ ಬೆಂಗಳೂರಿನ ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಮೂವರಲ್ಲಿ ನಾಯಕನಟ ದಡ ಸೇರಿದರು. ಕಟ್ಟುಮಸ್ತಾದ ಮೈಯ ಇನ್ನಿಬ್ಬರು ಯುವ ನಟರು ಮುಳುಗಿದರು. ಅವರಿಗೆ ಈಜು ಚೆನ್ನಾಗಿ ಬರುತ್ತಿರಲಿಲ್ಲ. ಮೈಕಟ್ಟು ಇತ್ತು, ಧೈರ್ಯ ಇತ್ತು, ಅವಕಾಶ ಕೈತಪ್ಪೀತೆಂಬ ಆತಂಕ ಯಾವ ಹೊಸ ನಟನಿಗೆ ಇರುವುದಿಲ್ಲ? ಅವರನ್ನು ಕಾಯಬೇಕಾಗಿದ್ದ ವ್ಯವಸ್ಥೆ ಇರಲಿಲ್ಲ. ‘ಇದು ನನಗೆ ಬರುವುದಿಲ್ಲ, ಕಲಿತು ಮಾಡುತ್ತೇನೆ’ ಎನ್ನುವುದು ಹೇಡಿತನವಲ್ಲ. ತನ್ನ ಮೈಯ ಅಳತೆ ತಿಳಿದವನು ಆಡುವ ಮಾತು ಅದು. ಗುರು ಕಲಿಸಬೇಕಾದ ಮೊದಲ ವರಸೆಯೂ ಬಹುಶಃ ಅದೇ.

ಹಾಗಾದರೆ ಹೆತ್ತವರು ಏನು ಮಾಡಬೇಕು? ಬೇಡವೆಂದು ಗದರಿಸಿದರೆ ಹುಡುಗ ಕಲಿಯದೆಯೇ ಹೊರಟುಬಿಡುತ್ತಾನೆ. ಅದೇ ಹೆಚ್ಚಿನ ಅಪಾಯ. ಓದು ನಡೆಯುತ್ತಿರಲಿ, ಬೆಳಗಿನ ಎರಡು ಗಂಟೆ ಕಲಿಕೆಗೆ ಸಿಗಲಿ. ತರಗತಿಗೆ ಸೇರಿಸುವ ಮುನ್ನ ಅಪ್ಪ ಅಮ್ಮ ಒಮ್ಮೆ ಹೋಗಿ ನೋಡಲಿ. ಹೊಡೆಯುವುದಕ್ಕೆ ಮೊದಲು ಬೀಳುವುದನ್ನು ಕಲಿಸುತ್ತಾರೆಯೇ? ನೋವಾದವನನ್ನು ಪಕ್ಕಕ್ಕೆ ಕೂರಿಸುತ್ತಾರೆಯೇ, ಇಲ್ಲ ಗೇಲಿ ಮಾಡುತ್ತಾರೆಯೇ? ‘ಮೂರು ತಿಂಗಳಲ್ಲಿ ಚಾನ್ಸ್ ಗ್ಯಾರಂಟಿ’ ಎಂದು ಹಣ ಕೇಳುವ ಕಡೆಯಿಂದ ಚಪ್ಪಲಿ ಮೆಟ್ಟಿಕೊಂಡು ಬಂದುಬಿಡುವುದೇ ಒಳ್ಳೆಯದು.

ಕಲಿತವರೆಲ್ಲ ನಾಯಕರಾಗುವುದಿಲ್ಲ. ಕೆಲವರು ಶಾಲೆಯಲ್ಲಿ ಮಕ್ಕಳಿಗೆ ನಾಟಕ ಆಡಿಸುತ್ತಾರೆ, ಕೆಲವರು ಸಾಹಸ ದೃಶ್ಯ ಸಂಯೋಜಿಸುತ್ತಾರೆ, ಕೆಲವರು ಬೇರೆ ಉದ್ಯೋಗ ಹಿಡಿದು ಸಂಜೆ ಹವ್ಯಾಸಿ ತಂಡದಲ್ಲಿ ಬಣ್ಣ ಹಚ್ಚುತ್ತಾರೆ. ಪಳಗಿದ ಮೈ, ತಿದ್ದಿದ ಮಾತು, ಎದುರಿಗಿರುವವನಿಗೆ ನೋವಾಗದಂತೆ ನಡೆಯುವ ಎಚ್ಚರ ಎಲ್ಲಿ ಹೋದರೂ ಅವರ ಜೊತೆಗಿರುತ್ತವೆ.