ಮನೆಯಾಚೆಯ ಮೊದಲ ವರ್ಷದ ಊಟ

ಮಕ್ಕಳು ಮನೆಯಲ್ಲಿರುವವರೆಗೆ ಅವರ ಹಸಿವಿನ ಲೆಕ್ಕವನ್ನು ತಾಯಿಯೇ ಇಟ್ಟಿರುತ್ತಾಳೆ. ಕಾಲೇಜಿನ ನಿಮಿತ್ತ ಊರು ಬಿಟ್ಟ ದಿನ ಆ ಲೆಕ್ಕವು ಒಮ್ಮೆಲೇ ಅವರ ಕೈಗೆ ಬರುತ್ತದೆ. ಶುಲ್ಕ, ಪುಸ್ತಕ, ಹಾಸಿಗೆ, ಬಟ್ಟೆಬರೆ ಎಲ್ಲಕ್ಕೂ ಪಟ್ಟಿ ಮಾಡುವ ಹಿರಿಯರು ಊಟದ ಮಾತು ಬಂದಾಗ ಮಾತ್ರ ‘ಮೆಸ್ ಐತಲ್ಲ’ ಎಂದು ನಿಶ್ಚಿಂತರಾಗುತ್ತಾರೆ. ಮೆಸ್ ಇರುವುದು ನಿಜ. ‘ಬಾ, ಉಣ್ಣು’ ಎಂದು ಕರೆಯುವವರು ಅಲ್ಲಿ ಇಲ್ಲದಿರುವುದೂ ನಿಜ.

ವಿಜಯಪುರ ಜಿಲ್ಲೆಯ ರೈತ ಕುಟುಂಬದ ಹುಡುಗಿಯೊಬ್ಬಳು ಧಾರವಾಡದಲ್ಲಿ ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದಳು. ತನ್ನ ಓದಿಗಾಗಿ ತಂದೆ ಸಾಲ ಮಾಡಿದ್ದನ್ನು ಕಣ್ಣಾರೆ ಕಂಡವಳು. ಎರಡು ಹೊತ್ತಿನ ಬದಲು ಒಂದೇ ಹೊತ್ತಿನ ಊಟಕ್ಕೆ ಮೆಸ್ಸಿನಲ್ಲಿ ಹಣ ಕಟ್ಟಿ, ಉಳಿದುದನ್ನು ತಮ್ಮನ ಶಾಲೆಯ ಖರ್ಚಿಗೆಂದು ತೆಗೆದಿಟ್ಟಳು. ಬೆಳಿಗ್ಗೆ ಚಹಾ, ಬನ್ನು. ಸಂಜೆ ಗೆಳತಿಯರೊಡನೆ ಮಿರ್ಚಿ ಭಜಿ, ಮತ್ತೆ ಚಹಾ. ಪ್ರತಿರಾತ್ರಿ ತಾಯಿ ಫೋನಿನಲ್ಲಿ ‘ಉಂಡ್ಯಾ?’ ಎಂದು ಕೇಳಿದಾಗ ‘ಉಂಡೆ ಅವ್ವಾ’ ಎನ್ನುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಮೆಟ್ಟಿಲೇರಿದರೆ ಏದುಸಿರು, ಪಾಠ ಕೇಳುವಾಗ ತೂಕಡಿಕೆ. ಮೊದಲ ಸೆಮಿಸ್ಟರಿನ ಪರೀಕ್ಷೆಯ ಎರಡನೆಯ ದಿನ ಕಣ್ಣು ಕತ್ತಲಿಟ್ಟು, ಉತ್ತರಪತ್ರಿಕೆಯನ್ನು ಅರ್ಧಕ್ಕೇ ಒಪ್ಪಿಸಿ ಹೊರಬಂದಳು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9 ಗ್ರಾಂ ಇತ್ತು; ಆ ವಯಸ್ಸಿನ ಹೆಣ್ಣುಮಕ್ಕಳಿಗೆ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ.

ಇದು ಒಬ್ಬಳ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ದೇಶದ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನತೆಯಿಂದ ಬಳಲುತ್ತಿರುವುದನ್ನು ಕಂಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ, ಪುರುಷನಿಗೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಚಹಾ, ಬನ್ನುಗಳಿಂದ ಅದು ಒದಗುವುದೆಂತು? ಮೇಲಾಗಿ ಊಟದ ಜೊತೆಗೇ ಕುಡಿದ ಚಹಾ ಅನ್ನದಲ್ಲಿರುವ ಅಲ್ಪ ಕಬ್ಬಿಣವನ್ನೂ ಮೈಗೂಡಗೊಡದು. ನಿಂಬೆಹಣ್ಣು, ಪೇರಲ, ನೆಲ್ಲಿಕಾಯಿಗಳು ಇದಕ್ಕೆ ವಿರುದ್ಧ. ಅವುಗಳಲ್ಲಿಯ ‘ಸಿ’ ಜೀವಸತ್ವವು ಕಾಳು, ಸೊಪ್ಪುಗಳ ಕಬ್ಬಿಣವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ. ವೈದ್ಯರು ಆಕೆಗೆ ಮಾತ್ರೆ ಬರೆದುಕೊಟ್ಟು, ಚಹಾದೊಡನೆ ಅದನ್ನು ನುಂಗಬಾರದೆಂದು ಹೇಳಿದ್ದು ಇದೇ ಕಾರಣಕ್ಕೆ.

ಆ ಹುಡುಗಿಯದು ಆಲಸ್ಯವಲ್ಲ, ರುಚಿಯ ಚಪಲವೂ ಅಲ್ಲ. ಮನೆಯ ಮೇಲಿನ ಮಮತೆಯೇ ಆಕೆಯನ್ನು ಉಪವಾಸ ಕೆಡವಿತು. ಇಂಥ ಉಪವಾಸವನ್ನು ತ್ಯಾಗವೆಂದು ಹೊಗಳುವ ರೂಢಿ ನಮ್ಮ ಸಮಾಜದಲ್ಲಿದೆ, ಹೆಣ್ಣುಮಕ್ಕಳ ಪಾಲಿಗಂತೂ ಹೆಚ್ಚು. ದೇಹವನ್ನೇ ದೇಗುಲವೆಂದು ಬಗೆದ ಬಸವಾದಿ ಶರಣರ ಪರಂಪರೆಯವರು ಅದನ್ನು ಒಪ್ಪುವುದು ಹೇಗೆ? ಕಾಯವು ಸೊರಗಿದರೆ ವಿದ್ಯಾರ್ಥಿಯ ಕಾಯಕವಾದ ಓದೂ ನಿಲ್ಲುತ್ತದೆ. ತಂದೆಯ ಸಾಲ ಉಳಿಸಹೋದವಳಿಗೆ ಮತ್ತೊಮ್ಮೆ ಪರೀಕ್ಷಾ ಶುಲ್ಕ ಕಟ್ಟುವ ಪ್ರಸಂಗ ಬಂತು.

ಹಾಗೆಂದು ಒಳ್ಳೆಯ ಊಟಕ್ಕೆ ದುಬಾರಿ ಹಣವೇ ಬೇಕೆಂದಿಲ್ಲ. ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಅದಕ್ಕೆ ತಕ್ಕ ಬುತ್ತಿ ಹಿಂದಿನಿಂದಲೂ ಇದೆ. ಖಡಕ್ ಜೋಳದ ರೊಟ್ಟಿ ತೇವ ತಾಗದಿದ್ದರೆ ವಾರಗಟ್ಟಲೆ ಕೆಡದು. ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಗಳೂ ಹಾಗೆಯೇ. ಮುಂಜಾನೆ ಎರಡು ರೊಟ್ಟಿ, ಹಿಂಡಿ, ಒಂದು ಬಟ್ಟಲು ಮೊಸರು ಇದ್ದರೆ ಮಧ್ಯಾಹ್ನದವರೆಗೆ ನಡೆಯುತ್ತದೆ. ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರುಕಾಳು, ಮಡಿಕೆಕಾಳುಗಳು ಒಲೆಯಿಲ್ಲದ ಕೋಣೆಯಲ್ಲಿಯೂ ಮೊಳಕೆಯೊಡೆಯುತ್ತವೆ. ಚೆನ್ನಾಗಿ ತೊಳೆದು, ಮೆಸ್ಸಿನಲ್ಲಿ ಒಂದು ಕುದಿ ಬರಿಸಿ, ನಿಂಬೆ ಹಿಂಡಿ ತಿನ್ನಬಹುದು. ಮೆಸ್ಸಿನ ತಾಟಿನಲ್ಲಿ ಅನ್ನದ ರಾಶಿಯನ್ನು ಸ್ವಲ್ಪ ತಗ್ಗಿಸಿ, ಬೇಳೆ, ಪಲ್ಯಗಳನ್ನು ಇನ್ನೊಂದು ಸೌಟು ಕೇಳಿ ಹಾಕಿಸಿಕೊಳ್ಳಲು ಸಂಕೋಚವೇಕೆ? ನಿದ್ದೆಗೆಟ್ಟು ಓದುವ ರಾತ್ರಿಗಳಲ್ಲಿ ಕುರುಕಲು ತಿಂಡಿಯ ಪೊಟ್ಟಣಕ್ಕಿಂತ ಹುರಿದ ಶೇಂಗಾ, ಬೆಲ್ಲವೇ ಮೇಲು.

ಇವೆಲ್ಲಕ್ಕಿಂತ ದೊಡ್ಡದು ಜೊತೆ. ಡಾ. ಶಿವಕುಮಾರ ಸ್ವಾಮಿಗಳು (1907–2019) ಬೆಳೆಸಿದ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಹೊತ್ತಿಗೆ ಸರಿಯಾಗಿ ಸಾಲಾಗಿ ಕುಳಿತು ಪ್ರಸಾದ ಸ್ವೀಕರಿಸುವುದನ್ನು ಕಂಡವರಿಗೆ ಇದು ತಿಳಿದೀತು. ಅಲ್ಲಿ ಒಬ್ಬ ಹುಡುಗ ಉಣ್ಣದಿದ್ದರೆ ಪಕ್ಕದವನಿಗೆ ಗೊತ್ತಾಗುತ್ತದೆ. ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿರುವ ವಿದ್ಯಾರ್ಥಿ ಮೂರು ದಿನ ಉಣ್ಣದಿದ್ದರೂ ಯಾರಿಗೂ ತಿಳಿಯದು. ಒಂದೇ ಕೋಣೆಯ ಮೂವರು, ನಾಲ್ವರು ‘ರಾತ್ರಿಯ ಊಟ ಕೂಡಿಯೇ’ ಎಂದು ಮೊದಲ ವಾರದಲ್ಲಿಯೇ ಗೊತ್ತು ಮಾಡಿಕೊಂಡರೆ ಆ ಕೊರತೆ ಬಹಳಷ್ಟು ನೀಗುತ್ತದೆ. ಪ್ರಯೋಗಾಲಯದಿಂದ ತಡವಾಗಿ ಬರುವವಳ ತಾಟನ್ನು ಉಳಿದವರು ಮುಚ್ಚಿಡುತ್ತಾರೆ.

ಊರಿನಲ್ಲಿರುವ ತಾಯಿತಂದೆಯರೂ ಫೋನಿನಲ್ಲಿ ‘ಉಂಡ್ಯಾ?’ ಎನ್ನುವ ಬದಲು ‘ಏನುಂಡಿ? ಯಾರ ಜೋಡಿ ಉಂಡಿ?’ ಎಂದು ಕೇಳಬೇಕು. ‘ಹೂಂ’ ಎಂದು ಹೇಳಿ ಜಾರಿಕೊಳ್ಳಲು ಆ ಪ್ರಶ್ನೆಗಳಲ್ಲಿ ಎಡೆಯಿಲ್ಲ. ಬಸ್ಸಿನಲ್ಲಿ ರೊಟ್ಟಿಯ ಗಂಟು ಕಳಿಸುವಾಗ ಕೋಣೆಯ ಗೆಳತಿಯರ ಪಾಲಿನವೂ ನಾಲ್ಕು ಅದರಲ್ಲಿರಲಿ.