ಜಲ್ಲಿ ಲೋಡಿನ ಜ್ಯೋತಿಷ್ಯ

ಜೋಗಿಮಟ್ಟಿಯ ಕಡೆ ಬೆಳಗಿನ ವಾಕಿಂಗ್ ಹೊರಡುವ ದುರ್ಗದ ಮಂದಿಗೆ ಬೆಟ್ಟದ ಬುಡದ ಆಡುಮಲ್ಲೇಶ್ವರ ಕಿರು ಮೃಗಾಲಯವೆಂದರೆ ಮನೆಯ ಹಿತ್ತಲಿದ್ದಂತೆ. ಅಲ್ಲಿ ಒಂದು ಲೋಡ್ ಜಲ್ಲಿ ಬಿದ್ದರೆ ಸಾಕು, ಲೆಕ್ಕಾಚಾರ ಶುರು. "ಯುಗಾದಿಗೆ ಓಪನ್ ಆಗುತ್ತೆ ನೋಡ್ರಿ" ಎಂದು ಒಬ್ಬರು. "ಎಲ್ಲಿಯ ಯುಗಾದಿ ಸಾರ್, ದಸರಾಕ್ಕಾದರೆ ಪುಣ್ಯ" ಎಂದು ನಿವೃತ್ತ ಮೇಷ್ಟ್ರು. ಪಾಯ ನೋಡಿ ಪ್ರಾಣಿ ಹೇಳುವ ಪಂಡಿತರೂ ಇದ್ದಾರೆ: ಕಂದಕ ಆಳವಿದ್ದರೆ ಹುಲಿಯಂತೆ, ಜಾಲರಿ ಸಣ್ಣದಿದ್ದರೆ ಹಕ್ಕಿಯಂತೆ!

ಇವರ ಲೆಕ್ಕ ಎಡವುವುದು ಕಾಗದದಲ್ಲಿ. 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂದ ಮೇಲೆ ನಕ್ಷೆಗೆ ದೆಹಲಿಯ ಒಪ್ಪಿಗೆ ಬೇಕು. ಒಂದು ಜೋಡಿ ಹುಲಿಗೆ ಕನಿಷ್ಠ 1000 ಚದರ ಮೀಟರ್ ಬಯಲು ಬೇಕು. ರಾತ್ರಿ ಕೋಣೆ, ಜೋಡಿ ಬಾಗಿಲು, ನೀರು. ಈ ಬರದ ಸೀಮೆಯಲ್ಲಿ ನೀರಿನದೇ ದೊಡ್ಡ ಮಾತು. ಗೋಡೆ ಮುಗಿದರೂ ಇನ್ನೊಂದು ಮೃಗಾಲಯದಿಂದ ಪ್ರಾಣಿ ತರಲು ಮತ್ತೆ ಅನುಮತಿ. ಇದೆಲ್ಲ ರಸ್ತೆಯಲ್ಲಿ ನಿಂತವರಿಗೆ ಕಾಣುವುದಿಲ್ಲ.

ಹಾಗೆಂದು ಇವರ ಕಾತರವನ್ನು ಬರೀ ಹರಟೆಯೆಂದು ತಳ್ಳಿಹಾಕಲಾಗದು. 1892ರಿಂದಿರುವ ಮೈಸೂರಿನ ಮೃಗಾಲಯ ಇಲ್ಲಿಂದ ಇನ್ನೂರು ಕಿ.ಮೀ.ಗೂ ದೂರ. ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ನಾಲ್ಕು ಜನ ಹೋಗಿಬರುವುದು ಎಲ್ಲರಿಂದಾದೀತೇ? ಮೂರನೇ ಕ್ಲಾಸಿನ ಮಗನಿಗೆ "ಹೊಸ ಪ್ರಾಣಿ ಇಲ್ಲೇ ತೋರಿಸ್ತೀನಿ" ಎಂದು ಮಾತು ಕೊಟ್ಟ ಹಮಾಲಿಗೆ ಒಂದು ದಿನಾಂಕ ಬೇಕು. ಹುಡುಗ ಹೈಸ್ಕೂಲು ಸೇರಿದ ಮೇಲೆ ಬಾಗಿಲು ತೆರೆದರೇನು ಬಂತು!

ಕಾಮಗಾರಿಯ ಬೋರ್ಡಿನಲ್ಲಿ ಗುತ್ತಿಗೆದಾರರ ಹೆಸರಿನ ಕೆಳಗೆ ಯಾವ ಅನುಮತಿ ಬಂದಿದೆ, ಯಾವುದು ಬಾಕಿ ಎಂದು ಎರಡು ಸಾಲು ಬರೆಸಬಹುದು. ವಾಕಿಂಗ್ ಮಂದಿಯ ಚರ್ಚೆ ಕೊಂಚ ಸೊರಗೀತು. ಆ ಹಮಾಲಿಗೆ ಮಾತ್ರ ಮಗನಿಗೆ ಏನು ಹೇಳಬೇಕೆಂದು ತಿಳಿದೀತು.