ಮನೆಯೇ ಶಾಲೆಯಾಗುವ ಮೊದಲು

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವುದು ಅಮೆರಿಕದಲ್ಲಿ ಹೊಸತೇನಲ್ಲ. 1993ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ದೊರೆತಿತ್ತು. ನಿಯಮ ಮಾತ್ರ ರಾಜ್ಯಕ್ಕೊಂದು ತೆರ. ಟೆಕ್ಸಾಸಿನಲ್ಲಿ ಸರ್ಕಾರಕ್ಕೆ ಅರ್ಜಿಯನ್ನೂ ಕೊಡಬೇಕಾಗಿಲ್ಲ. ನ್ಯೂಯಾರ್ಕಿನಲ್ಲಿ ಮೂರು ತಿಂಗಳಿಗೊಂದು ವರದಿ ಕೊಡಬೇಕು. ಹೀಗೆ ಓದಿಸುವವರಲ್ಲಿ ಶ್ರದ್ಧಾವಂತ ಕ್ರೈಸ್ತರು ಬಹಳ. ಪಠ್ಯಪುಸ್ತಕ, ವಿಡಿಯೊ ಪಾಠ, ಪರೀಕ್ಷೆ ಎಲ್ಲವನ್ನೂ ಅವರಿಗಾಗಿ ಒಟ್ಟುಗೂಡಿಸಿ ಮಾರುವ ಸಂಸ್ಥೆಗಳೂ ಬಹಳ.

ಡಲ್ಲಾಸ್ ಬಳಿ ನೆಲೆಸಿರುವ ಧಾರವಾಡದ ಕಡೆಯ ದಂಪತಿಗಳ ಮುಂದೆ ಅಂಥದೊಂದು ಕ್ಯಾಟಲಾಗ್ ಬಂದು ಬಿತ್ತು. ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರಾದ ಮನೆತನ ಅವರದು. ಹನ್ನೆರಡು ವರ್ಷದ ಮಗಳಿಗೆ ಶಾಲೆಯಲ್ಲಿ ಗೇಲಿಯ ಕಾಟ. ಮುಂದೆ ಡಾಕ್ಟರಾಗುವ ಆಸೆ. ತಂದೆ ಹಣ ಕಟ್ಟಲು ತಯಾರಾದರು. ತಾಯಿ ಕೇಳಿದ್ದು ಒಂದೇ ಮಾತು: "ರೊಕ್ಕ ನೀವು ಕೊಡ್ತೀರಿ, ಖರೆ. ದಿನಾ ಕೂತು ಕಲಿಸೋರು ಯಾರು?"

ಆ ಪ್ರಶ್ನೆಯಲ್ಲೇ ಅರ್ಧ ಉತ್ತರವಿತ್ತು. ಕ್ರಮಗಳೆಲ್ಲ ಒಂದೇ ಬಗೆಯವಲ್ಲ. 'ಅಬೆಕಾ' ಎಂಬುದರಲ್ಲಿ ವಿಡಿಯೊದಲ್ಲಿ ಶಿಕ್ಷಕರೇ ಪಾಠ ಹೇಳುತ್ತಾರೆ. ದಿನದ ವೇಳಾಪಟ್ಟಿ ಬಿಗಿ. 'ಎ.ಸಿ.ಇ.' ಕ್ರಮದಲ್ಲಿ ವಿಷಯಕ್ಕೆ ವರ್ಷಕ್ಕೆ 12 ಕಿರುಪುಸ್ತಕಗಳು. ಮಗು ತಾನೇ ಓದಿ, ತಾನೇ ಉತ್ತರ ತಿದ್ದಿಕೊಳ್ಳಬೇಕು. 'ಸಾನ್‌ಲೈಟ್' ಕೊಂಡವರು ಕಥೆ ಪುಸ್ತಕಗಳನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಬೇಕು. 'ಕ್ಲಾಸಿಕಲ್ ಕಾನ್ವರ್ಸೇಷನ್ಸ್'ನಲ್ಲಿ ವಾರಕ್ಕೊಂದು ದಿನ ಹಲವು ಕುಟುಂಬಗಳು ಸೇರುತ್ತವೆ, ಉಳಿದ ದಿನ ಮನೆಯವರದೇ ಹೊಣೆ. ಒಂಟಿತನದಿಂದ ಬಳಲುವ ಮಗುವಿಗೆ ಒಬ್ಬಳೇ ಕೂತು ತುಂಬುವ ಕಿರುಪುಸ್ತಕ ಕೊಡಿಸುವುದು ಯಾವ ಜಾಣತನ?

ವಿಜ್ಞಾನದ ಪುಸ್ತಕವನ್ನಂತೂ ಹಣ ಕಟ್ಟುವ ಮುಂಚೆಯೇ ಓದಬೇಕು. ಗಣಿತ, ರಸಾಯನಶಾಸ್ತ್ರದಲ್ಲಿ ಹೆಚ್ಚಿನ ತೊಡಕಿಲ್ಲ. ಜೀವಶಾಸ್ತ್ರ, ಭೂವಿಜ್ಞಾನಕ್ಕೆ ಬಂದಾಗ ಇವುಗಳಲ್ಲಿ ಹಲವು ವಿಕಾಸವಾದವನ್ನು ತಳ್ಳಿಹಾಕಿ, ಭೂಮಿಯ ವಯಸ್ಸನ್ನು ಕೆಲವೇ ಸಾವಿರ ವರ್ಷಗಳಿಗೆ ಇಳಿಸುತ್ತವೆ. ವಿಜ್ಞಾನ ಹೇಳುವುದು ಸುಮಾರು 450 ಕೋಟಿ ವರ್ಷ. ಅಬೆಕಾ ಮತ್ತು ಬಾಬ್ ಜೋನ್ಸ್ ಸಂಸ್ಥೆಗಳ ಜೀವಶಾಸ್ತ್ರ ಪುಸ್ತಕಗಳನ್ನು ಮುಖ್ಯ ಪಠ್ಯವಾಗಿಟ್ಟ ಪಾಠಕ್ರಮವನ್ನು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಪ್ರವೇಶಕ್ಕೆ ಮಾನ್ಯ ಮಾಡಲಿಲ್ಲ. ಕ್ರೈಸ್ತ ಶಾಲೆಗಳ ಸಂಘ ಮೊಕದ್ದಮೆ ಹೂಡಿ 2008ರಲ್ಲಿ ಸೋತಿತು. 2010ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ನ್ಯಾಯಾಲಯ ಯಾರ ನಂಬಿಕೆಯನ್ನೂ ತಪ್ಪೆನ್ನಲಿಲ್ಲ. ಪ್ರವೇಶದ ಮಟ್ಟ ನಿರ್ಧರಿಸುವುದು ವಿಶ್ವವಿದ್ಯಾಲಯದ ಹಕ್ಕು ಎಂದಿತು, ಅಷ್ಟೆ. ಡಾಕ್ಟರಾಗಬೇಕೆನ್ನುವ ಹುಡುಗಿಯ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ವಿಶ್ವಾಸಿಗಳಾದ ಕ್ರೈಸ್ತ ಜೀವವಿಜ್ಞಾನಿಗಳಲ್ಲೇ ವಿಕಾಸವಾದವನ್ನು ಒಪ್ಪಿದವರು ಅನೇಕರಿದ್ದಾರೆ ಎಂಬುದನ್ನೂ ಅವಳಿಗೆ ಯಾರಾದರೂ ಹೇಳಬೇಕಲ್ಲ!

ಅಂಕಪಟ್ಟಿಯ ಮಾತು ಬೇರೆ. ಮನೆಯಲ್ಲಿ ಓದಿದವರಿಗೆ ಇಲ್ಲಿ ಕರ್ನಾಟಕದಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೆಯ ತರಗತಿ ಪರೀಕ್ಷೆಯಾದರೂ ಇದೆ. ಅಲ್ಲಿ ದೇಶಕ್ಕೆಲ್ಲ ಒಂದೇ ಆದ ಅಂಥ ಪರೀಕ್ಷೆ ಇಲ್ಲ. ಹೈಸ್ಕೂಲಿನ ಅಂಕಪಟ್ಟಿಯನ್ನು ಎಷ್ಟೋ ಸಲ ತಂದೆತಾಯಿಯೇ ಬರೆದು ಸಹಿ ಹಾಕಬೇಕು.

ದಂಪತಿಗಳು ಮಾದರಿ ಪಾಠಗಳನ್ನು ತರಿಸಿ ಎರಡು ವಾರ ಊಟದ ಮೇಜಿನ ಮೇಲೆ ಹರಡಿಕೊಂಡು ಓದಿದರು. ಕೊನೆಗೆ ಮಗಳನ್ನೂ ಕೇಳಿದರು. ಬೈಬಲ್ ಪಾಠ, ಇಂಗ್ಲಿಷ್ ಪುಸ್ತಕ ಅವಳಿಗೆ ಹಿಡಿಸಿದ್ದವು. "ಒಬ್ಬಳೇ ಇರೋದು ಮಾತ್ರ ಒಲ್ಲೆ ಅವ್ವಾ," ಎಂದಳು. ಪೂರ್ತಿ ಕಟ್ಟು ಕೊಳ್ಳುವ ಯೋಚನೆ ಅಲ್ಲಿಗೆ ಬಿದ್ದುಹೋಯಿತು. ಒಂದು ವರ್ಷದ ಮಟ್ಟಿಗೆ ಆ ಎರಡು ವಿಷಯ ಮಾತ್ರ ಕೊಂಡರು. ವಿಜ್ಞಾನಕ್ಕೆ ಸಾಮಾನ್ಯ ಶಾಲೆಯ ಪಠ್ಯ. ಶನಿವಾರ ನೆರೆಯ ಇನ್ನೂ ಮೂರು ಮನೆಗಳ ಮಕ್ಕಳೊಂದಿಗೆ ಪ್ರಯೋಗ. ಪ್ರಯೋಗದ ಹೊಣೆ ತಂದೆಯದು ಎಂದು ತಾಯಿ ಮೊದಲೇ ಕರಾರು ಮಾಡಿಸಿಕೊಂಡಿದ್ದರು. ಹಳೆಯ ಸೂಕ್ಷ್ಮದರ್ಶಕವೊಂದು ಅಗ್ಗಕ್ಕೆ ಸಿಕ್ಕಿತು. ಈರುಳ್ಳಿ ಸಿಪ್ಪೆ ಮನೆಯಲ್ಲೇ ಇತ್ತು.